ಮೂರು ಕಾರ್ಡಿಗೆ ಬದಲಿ

ನಮ್ಮ ಬ್ಯಾಂಡಿನಲ್ಲಿ ನಾನು ರಿದಮ್ ಗಿಟಾರ್ ಬಾರಿಸುತ್ತೇನೆ. ಹಾಗೆಂದರೆ ಏನು ಎಂದು ಶಿರಂಗಾಲದ ನಮ್ಮ ಮನೆಯವರಿಗೆ ವಿವರಿಸಲು ವರ್ಷಗಟ್ಟಲೆ ಪ್ರಯತ್ನಪಟ್ಟು ಈಗ ಕೈಬಿಟ್ಟಿದ್ದೇನೆ. ಲೀಡ್ ಗಿಟಾರ್ ಬಾರಿಸುವವನು ಕಣ್ಣು ಮುಚ್ಚಿ, ಮುಖ ಕಿವುಚಿ, ತಂತಿ ಎಳೆದೆಳೆದು ಚಪ್ಪಾಳೆ ಗಿಟ್ಟಿಸುತ್ತಾನೆ. ಡ್ರಮ್ಮಿನವನು ಬೆವರು ಸುರಿಸಿ ಮರುಕ ಗಿಟ್ಟಿಸುತ್ತಾನೆ. ರಿದಮ್ಮಿನವನು ಇವರಿಬ್ಬರ ಪಕ್ಕದಲ್ಲೋ ಹಿಂದೆಯೋ ನಿಂತು ಒಂದೇ ಸಮನೆ ಝಕ್ಕು ಝಕ್ಕು ಎನ್ನಿಸುತ್ತಿರುತ್ತಾನೆ. ಕೊಡಗಿನ ಎಷ್ಟೋ ಹೋಂಸ್ಟೇಗಳ ಫೋಟೋಗಳಲ್ಲಿ ನನ್ನ ಮೊಣಕೈ ಇದೆ. ಮುಖ ಇರುವ ಫೋಟೋ ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಅದರಲ್ಲೂ ನಾವು ಬಾರಿಸುವುದು ಬ್ಲೂಸ್. ಮೂರ್ನಾಲ್ಕು ಸ್ವರಗಳನ್ನು ಒಟ್ಟಿಗೆ ಒತ್ತಿ ಹಿಡಿದು ಮೀಟುವುದಕ್ಕೆ ಕಾರ್ಡ್ ಎನ್ನುತ್ತಾರೆ. ಬ್ಲೂಸಿಗೆ ಇಂಥ ಮೂರೇ ಕಾರ್ಡು ಸಾಕು. ಬಾರ್ ಎಂಬ ಹನ್ನೆರಡು ತುಂಡುಗಳ ಒಂದು ಸುತ್ತು. ಒಂದೊಂದು ಬಾರಿನಲ್ಲೂ ನಾಲ್ಕು ಎಣಿಕೆ. ಮನೆಯ ಕಾರ್ಡಿನಿಂದ ಹೊರಡುವುದು, ಪಕ್ಕದ ಕಾರ್ಡಿಗೆ ಹೋಗಿ ಮನೆಗೆ ಬರುವುದು, ಆಮೇಲೆ ಇನ್ನೂ ಸ್ವಲ್ಪ ದೂರದ ಮೂರನೆಯದಕ್ಕೆ ಹೋಗಿ ಮತ್ತೆ ಮನೆಗೇ ಬರುವುದು. ಬಂದ ಕೂಡಲೇ ಪುನಃ ಹೊರಡುವುದು. ನಮ್ಮಪ್ಪ ಹಾಸನದ ಕಡೆಯಿಂದ ಬಂದು ಇಲ್ಲಿ ಶುಂಠಿ, ಮುಸುಕಿನ ಜೋಳ ಬೆಳೆದವರು. ಒಂದು ಸಂಜೆ ಜಗಲಿಯಲ್ಲಿ ಕೂತು ನಾಲ್ಕೈದು ಸುತ್ತು ಕೇಳಿಸಿಕೊಂಡು, "ಏನ್ಲಾ ಮಗ, ಇದು ಎಲ್ಲಿಗೂ ಹೋಗಂಗೇ ಕಾಣಲ್ವಲ್ಲ" ಎಂದರು. ಅವರು ಸಂಗೀತದ ಬಗ್ಗೆ ಆಡಿದ ಮಾತು ಅದೊಂದೇ. ಅದು ನನ್ನ ಮನಸ್ಸಿಗೆ ಚೆನ್ನಾಗಿಯೇ ನಾಟಿತು.

ಬ್ಯಾಂಡಿನಲ್ಲಿ ನಾವು ಮೂವರು. ಯಜಮಾನರು ನೆಲ್ಯಹುದಿಕೇರಿಯಿಂದ ಸ್ವಲ್ಪ ಆಚೆಗೆ ಕಾಫಿ ಎಸ್ಟೇಟ್ ಇರುವ ಕೊಡವರು. ಅರವತ್ತು ದಾಟಿದವರು, ಲೀಡ್ ಗಿಟಾರ್ ಅವರದು. ನಾನು ಅವರನ್ನು ಅಂಕಲ್ ಎಂದೇ ಕರೆಯುವುದು. ಡ್ರಮ್ ಬಾರಿಸುವವರು ಅದೇ ಊರಿನಲ್ಲಿ ಬೇಕರಿ ಇಟ್ಟಿರುವ ಮಲಯಾಳಿ. ಊರಿಗೆಲ್ಲ ಇಕ್ಕ, ಅಂದರೆ ಅಣ್ಣ; ನಮಗೂ ಇಕ್ಕ. ನಾನು ಕುಶಾಲನಗರದಲ್ಲಿ ನೀರಾವರಿ ಪೈಪುಗಳ ಅಂಗಡಿ ಇಟ್ಟವನು. ಮೊದಲು ಬೇಸ್ ಗಿಟಾರಿಗೆಂದು ನಾಲ್ಕನೆಯವನೊಬ್ಬನಿದ್ದ. ಅವನು ಮದುವೆಯಾಗಿ ಕುಟ್ಟದಲ್ಲಿ ಮಾವನ ತೋಟ ನೋಡಿಕೊಳ್ಳಲು ಹೋದ. ಅಲ್ಲಿಂದ ಇಲ್ಲಿಗೆ ಪ್ರಾಕ್ಟೀಸಿಗೆ ಬರುವಷ್ಟು ಪ್ರೀತಿ ಬೇಸ್ ಗಿಟಾರಿನ ಮೇಲೆ ಯಾರಿಗೂ ಇರುವುದಿಲ್ಲ. ಅಂದಿನಿಂದ ತಗ್ಗಿನ ಸ್ವರಗಳ ಜವಾಬ್ದಾರಿಯೂ ನನ್ನ ಗಿಟಾರಿನ ಎರಡು ದಪ್ಪ ತಂತಿಗಳ ಮೇಲೆ ಬಿತ್ತು.

ಭಾನುವಾರ ಮಧ್ಯಾಹ್ನ ಅಂಕಲ್ ಅವರ ಕಾಫಿ ಗೋಡೌನಿನಲ್ಲಿ ಪ್ರಾಕ್ಟೀಸ್. ಒಂದು ಮಳೆಗಾಲದಲ್ಲಿ, ಮಾಡಿನ ಮೇಲೆ ಮಳೆ ಬೀಳುವ ಸದ್ದಿಗೆ ಯಾರಿಗೂ ಏನೂ ಕೇಳದೆ ನಾವು ಸುಮ್ಮನೆ ಕೂತಿದ್ದಾಗ, ಅಂಕಲ್ ದನಿ ಏರಿಸಿ ಮಗಳ ಮದುವೆ ಗೊತ್ತಾಗಿದೆ ಎಂದರು. ಏಪ್ರಿಲಿನಲ್ಲಿ, ಕಾಫಿ ಪಿಕಿಂಗ್ ಮುಗಿದ ಮೇಲೆ. ನಾವು ಸಂತೋಷಪಟ್ಟೆವು. ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ.

"ಮದುವೆ ದಿನ ನಾವು ಒಂದು ನಂಬರ್ ಬಾರಿಸ್ತೇವೆ. ಒಂದೇ. ತಪ್ಪಿಲ್ಲದೆ ಬಾರಿಸಿ ಇಳಿದುಬಿಡೋದು" ಎಂದರು.

ಇದು ಎಷ್ಟು ಭಾರದ ಮಾತು ಎಂಬುದು ಕೊಡಗಿನವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳಬೇಕು. ಕೊಡವರ ಮದುವೆ ವಾಲಗವಿಲ್ಲದೆ ನಡೆಯುವುದಿಲ್ಲ. ಆದರೆ ವಾಲಗ ಊದುವವರು, ಕೊಟ್ಟು ಎಂಬ ಡೋಲು ಬಡಿಯುವವರು ಬೇರೆ. ಮನೆಯವರು, ನೆಂಟರು ಅದಕ್ಕೆ ಕೈಯೆತ್ತಿ ಕುಣಿಯುವವರು. ಅಂಕಲ್ ಅವರ ಅಣ್ಣ, ಅಂದರೆ ಆ ಕುಟುಂಬಕ್ಕೆ ಈಗ ಹಿರಿಯರಾದವರು, ಈ ವ್ಯವಸ್ಥೆಯಲ್ಲಿ ಯಾವ ತಿದ್ದುಪಡಿಯನ್ನೂ ಒಪ್ಪುವವರಲ್ಲ. ತಮ್ಮ ಕಾಲೇಜಿನ ದಿನಗಳಲ್ಲಿ ಗಿಟಾರ್ ಹಿಡಿದು ಮನೆಗೆ ಬಂದಾಗ ಅಣ್ಣ ಹೇಳಿದ್ದ ಮಾತನ್ನು ಅಂಕಲ್ ನಮಗೆ ಕನ್ನಡದಲ್ಲಿ ಹಲವು ಸಲ ಒಪ್ಪಿಸಿದ್ದಾರೆ: "ಬಾರಿಸೋಕೆ ಜನ ಇದ್ದಾರೆ. ನಾವು ಕುಣಿಯೋರು." ಅದಾದ ಮೇಲೆ ಅಂಕಲ್ ಹೋಂಸ್ಟೇಗಳಲ್ಲಿ ಬಾರಿಸಿದ್ದಾರೆ, ಕ್ಲಬ್ಬಿನಲ್ಲಿ ಬಾರಿಸಿದ್ದಾರೆ, ಟೂರಿಸ್ಟುಗಳು ಉರಿಸುವ ಬೆಂಕಿಯ ಮುಂದೆ ಬಾರಿಸಿದ್ದಾರೆ. ತಮ್ಮವರ ಮುಂದೆ ಮಾತ್ರ ಒಂದು ದಿನವೂ ಬಾರಿಸಿರಲಿಲ್ಲ. ಈಗ ಮಗಳ ಮದುವೆಯಲ್ಲಿ, ಇಡೀ ಕುಟುಂಬದ ಎದುರು, ವೇದಿಕೆ ಹತ್ತಲು ಹೊರಟಿದ್ದರು.

"ಅಲ್ಲಿ ತಪ್ಪಿದ್ರೆ ಅಣ್ಣ ಹೇಳಿದ್ದೇ ಸರಿ ಅಂತ ಆಗ್ತದೆ" ಎಂದರು. ನಗುತ್ತಲೇ ಹೇಳಿದರು. ಕೈಯಲ್ಲಿದ್ದ ಸಣ್ಣ ಪ್ಲಾಸ್ಟಿಕ್ ಮೀಟುಗಡ್ಡಿಯನ್ನು ಮಾತ್ರ ಬೆರಳಲ್ಲಿ ತಿರುಗಿಸುತ್ತಲೇ ಇದ್ದರು.

ಇಂಥ ಹೊತ್ತಿನಲ್ಲಿ ನನ್ನಂಥ ರಿದಮ್ಮಿನವನು ಮಾಡಬೇಕಾದ್ದು ಒಂದೇ: ಇದ್ದ ಮೂರು ಕಾರ್ಡನ್ನು ಇದ್ದ ಹಾಗೆಯೇ ಬಾರಿಸುವುದು. ನಾನು ಅದರ ಬದಲು, ಇಷ್ಟು ದೊಡ್ಡ ಸಂದರ್ಭಕ್ಕೆ ನನ್ನ ಬಾರಿಸುವಿಕೆಯ ಮಟ್ಟ ಏರಿಸಬೇಕು ಎಂದು ತೀರ್ಮಾನಿಸಿದೆ. ಯಾರೂ ಕೇಳಿರಲಿಲ್ಲ. ಮಳೆಗಾಲದಲ್ಲಿ ನೀರಾವರಿ ಪೈಪನ್ನು ಯಾರೂ ಕೊಳ್ಳುವುದಿಲ್ಲ; ಅಂಗಡಿಯಲ್ಲಿ ಕೂತು ಫೋನಿನಲ್ಲಿ ಪಾಠದ ವಿಡಿಯೋ ನೋಡಲು ನನಗೆ ದೇವರು ಕೊಟ್ಟ ಸಮಯವಿತ್ತು. ಅಲ್ಲಿ ಯಾವ ದೇಶದವರೋ ಒಬ್ಬ ಗಡ್ಡದವರು ಬ್ಲೂಸಿನ ಬದಲಿ ಕಾರ್ಡುಗಳನ್ನು ಕಲಿಸುತ್ತಿದ್ದರು. ಇರುವ ಕಾರ್ಡಿನ ಜಾಗದಲ್ಲಿ ಅದೇ ಕೆಲಸ ಮಾಡುವ ಬೇರೊಂದು ಕಾರ್ಡನ್ನು ಕೂರಿಸುವ ವಿದ್ಯೆ ಅದು. ಸೆವೆಂತ್ ಎಂಬ ಕಾರ್ಡಿಗೆ ಇನ್ನೊಂದು ಸ್ವರ ಸೇರಿಸಿದರೆ ನೈಂತ್ ಆಗುತ್ತದೆ. ಆಗ ತಳದ ಸ್ವರವನ್ನೇ ಬಿಟ್ಟು ಮೇಲಿನ ಸಣ್ಣ ತಂತಿಗಳಲ್ಲಿ ಮಾತ್ರ ಹಿಡಿಯಬಹುದು. ಪಕ್ಕದ ಕಾರ್ಡಿನಿಂದ ಮನೆಗೆ ಬರುವ ದಾರಿಯಲ್ಲಿ ಡಿಮಿನಿಶ್ಡ್ ಎಂಬ ಸಂಶಯಾಸ್ಪದ ಕಾರ್ಡೊಂದನ್ನು ತುರುಕಬಹುದು. ಎಲ್ಲಕ್ಕಿಂತ ಸೊಗಸಾದದ್ದು ಕೊನೆಯದು: ಮನೆಯ ಕಾರ್ಡಿಗೆ ನೇರವಾಗಿ ಬರುವ ಬದಲು ಅರ್ಧ ಹೆಜ್ಜೆ ಮೇಲಿನ ಕಾರ್ಡನ್ನು ಮುಟ್ಟಿ, ಅಲ್ಲಿಂದ ಜಾರಿಕೊಂಡು ಇಳಿಯುವುದು.

ಅದನ್ನು ಮೊದಲ ಸಲ ಸರಿಯಾಗಿ ಹಿಡಿದ ದಿನ ನಾನು ಅಂಗಡಿಯ ಬಾಗಿಲು ಅರ್ಧ ಎಳೆದು ಮತ್ತೆ ಮತ್ತೆ ಬಾರಿಸಿದೆ. ಹಳೆಯ ಝಕ್ಕು ಝಕ್ಕಿನಲ್ಲಿ ಇಂಥದ್ದೊಂದು ಇತ್ತೇ ಎನ್ನಿಸಿತು. ನಿಜ ಹೇಳಬೇಕೆಂದರೆ ಬಹಳ ಸುಖವಾಯಿತು. ಆ ಸುಖದ ಜೊತೆಗೇ, ಇದನ್ನು ಕೇಳಿದ ಮೇಲೆ ಅಂಕಲ್ ತಿರುಗಿ ನನ್ನ ಮುಖ ನೋಡಲೇಬೇಕು ಎಂಬ ಜಂಬವೂ ಹುಟ್ಟಿತು.

ಮಳೆ ನಿಂತಿತು, ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಟಿಲ್ಲರು, ಸ್ಪ್ರೇಯರು, ಕುಡುಗೋಲು, ಬೈಕು ಎಲ್ಲಕ್ಕೂ ಪೂಜೆ. ಆ ಸಾಲಿನ ಕೊನೆಯಲ್ಲಿ ನನ್ನ ಗಿಟಾರು ಮತ್ತು ಅದರ ಆಂಪು. ಆಂಪು ಅಂದರೆ ಗಿಟಾರಿನ ಸದ್ದನ್ನು ದೊಡ್ಡದು ಮಾಡುವ, ಒಳಗೆ ಸ್ಪೀಕರಿರುವ ಪೆಟ್ಟಿಗೆ. ಅಮ್ಮ ಅದಕ್ಕೆ ವಿಭೂತಿ ಎಳೆದು, ಅರಿಸಿನ ಕುಂಕುಮ ಇಟ್ಟು, ಸೇವಂತಿಗೆ ಹೂ ಸಿಕ್ಕಿಸಿದರು. ನಾನು ಎರಡಕ್ಕೂ ಅಡ್ಡಬಿದ್ದೆ.

ಮುಂದಿನ ಭಾನುವಾರ ಕುಂಕುಮ ಹಾಗೇ ಇದ್ದ ಪೆಟ್ಟಿಗೆಯನ್ನು ಗೋಡೌನಿಗೆ ಒಯ್ದಿಟ್ಟೆ. ಅಂಕಲ್ ಗಿಟಾರ್ ನೇತುಹಾಕಿಕೊಂಡು ಬಂದು, ಎಂದಿನ ಹಾಗೆ ನನ್ನ ಬಲಕ್ಕೆ ನಿಂತು, ಎಂದಿನ ಹಾಗೆ ಎಡಗಾಲನ್ನು ಎತ್ತಿ ನನ್ನ ಆಂಪಿನ ಮೇಲಿಟ್ಟರು. ತೋಟದ ಬೂಟು. ಅದರಂಚಿಗೆ ಅಂಟಿದ್ದ ಕೆಮ್ಮಣ್ಣಿಗೂ ಕುಂಕುಮಕ್ಕೂ ನಡುವೆ ಒಂದು ಬೆರಳಿನ ಅಂತರ.

ಈ ಕಾಲಿನ ವಿಷಯ ನನ್ನ ಹೊಟ್ಟೆಯಲ್ಲಿ ಬಹಳ ದಿನದಿಂದ ಇತ್ತು. ಬಾರಿಸುವಾಗೆಲ್ಲ ಅವರ ಕಾಲು ನನ್ನ ಪೆಟ್ಟಿಗೆಯ ಮೇಲೆಯೇ. ಹೋಂಸ್ಟೇಯಲ್ಲಿ ಪಕ್ಕದಲ್ಲೇ ಕಾಲುಮಣೆ ಇದ್ದರೂ ಅದು ಅವರಿಗೆ ಬೇಡ. ಬೇಟೆ ಹೊಡೆದವರು ಹುಲಿಯ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರಲ್ಲ, ಅದೇ ಗತ್ತು. ಎಸ್ಟೇಟಿನ ದೊರೆತನ ಕಾಲಿನಿಂದ ಇಳಿಯುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಭಾಷ್ಯ ಬರೆದುಕೊಂಡಿದ್ದೆ. ಹೊರಗಿನಿಂದ ಬಂದು ನೆಲೆಸಿದ ರೈತರ ಮಕ್ಕಳಿಗೆ ಇಂಥ ಭಾಷ್ಯಗಳು ಬಹಳ ಬೇಗ ಹೊಳೆಯುತ್ತವೆ. ಇಷ್ಟು ದಿನ ಹೊಟ್ಟೆಗೆ ಹಾಕಿಕೊಂಡಿದ್ದೆ. ಪೂಜೆ ಮಾಡಿದ ಪೆಟ್ಟಿಗೆಯ ಮೇಲೆ ಬೂಟು ಬಿದ್ದಾಗ ಆಗಲಿಲ್ಲ.

ಹಾಗೆಂದು ಬಾಯಿಬಿಟ್ಟು ಹೇಳುವ ಧೈರ್ಯವಿತ್ತೇ ಎಂದರೆ ಅದೂ ಇಲ್ಲ. "ಅಂಕಲ್, ವೈರ್ ಸಾಲಲ್ಲ, ಸ್ವಲ್ಪ ಹಿಂದಕ್ಕೆ ಇಡ್ತೀನಿ" ಎಂದು ಪೆಟ್ಟಿಗೆಯನ್ನು ಎತ್ತಿ ಗೋಡೆಯ ಹತ್ತಿರದ ಕಾಳುಮೆಣಸಿನ ಮೂಟೆಗಳ ಮೇಲಿಟ್ಟೆ. ಅವರು ಖಾಲಿಯಾದ ಜಾಗವನ್ನೊಮ್ಮೆ ನೋಡಿದರು. ಕಾಲನ್ನು ನೆಲಕ್ಕೆ ಊರಿದರು.

ಅದೇ ದಿನ ನಾನು ನನ್ನ ಬದಲಿ ಕಾರ್ಡುಗಳನ್ನು ಹೊರತೆಗೆದೆ. ಮೊದಲ ಸುತ್ತನ್ನು ಹಳೆಯ ರೀತಿಯಲ್ಲೇ ಬಿಟ್ಟು, ಎರಡನೆಯ ಸುತ್ತಿಗೆ ದಪ್ಪ ತಂತಿಗಳನ್ನು ಮುಟ್ಟದೆ ಮೇಲೆಲ್ಲೋ ನೈಂತ್ ಹಿಡಿದೆ. ಇಕ್ಕ ಡ್ರಮ್ಮಿನಿಂದ ತಲೆಯೆತ್ತಿ ಹುಬ್ಬು ಹಾರಿಸಿದರು; ಅವರಿಗೆ ಇಷ್ಟವಾಗಿತ್ತು. ಐದನೆಯ ಬಾರಿನಲ್ಲಿ ನಾವಿಬ್ಬರೂ ಪಕ್ಕದ ಕಾರ್ಡಿಗೆ ಹೋದೆವು. ಅಂಕಲ್ ಬರಲಿಲ್ಲ. ಅವರು ಮನೆಯ ಕಾರ್ಡಿನಲ್ಲೇ ಕಣ್ಣು ಮುಚ್ಚಿಕೊಂಡು ತಂತಿ ಎಳೆಯುತ್ತಿದ್ದರು. ನಾವು ಮನೆಗೆ ವಾಪಸಾದಾಗ ಅವರು ಹೊರಟರು. ಕಿವಿಗೆ ಕೇಳಲಾಗದ ಗೊಂದಲವಾಯಿತು. ಅವರು ಕಣ್ಣು ಬಿಟ್ಟು ಬಾರಿಸುವುದನ್ನು ನಿಲ್ಲಿಸಿದರು.

"ಎಂಥ ಮಾರಾಯ, ಎಲ್ಲಿದ್ದೀ ನೀನು?"

"ನೀವೇ ತಡ ಮಾಡಿದ್ರಿ ಅಂಕಲ್. ನಾನು ಬದಲಿ ಕಾರ್ಡ್ ಹಾಕ್ದೆ. ಅದೇ ಕಾರ್ಡಿನ ಇನ್ನೊಂದು ರೂಪ."

"ಅದೇ ಆದ್ರೆ ಅದನ್ನೇ ಬಾರಿಸೋಕೆ ಎಂಥ ಕಷ್ಟ ನಿಂಗೆ?"

ಈ ಪ್ರಶ್ನೆಗೆ ಗಡ್ಡದವರ ವಿಡಿಯೋದಲ್ಲಿ ಉತ್ತರವಿರಲಿಲ್ಲ. ನಾನು ಸ್ಥಳೀಯ ಉದಾಹರಣೆ ಕೊಡೋಣವೆಂದು, ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಇಲ್ಲದಾಗ ಹುಣಸೆಹುಳಿ ಹಾಕುವುದಿಲ್ಲವೇ, ಹುಳಿ ಹುಳಿಯೇ, ರುಚಿ ಮಾತ್ರ ಬೇರೆ, ಹಾಗೆ ಇದು ಎಂದೆ. ಹಂದಿ ಕರಿಗೆ ಕಾಚಂಪುಳಿಯ ಬದಲು ಇನ್ನೊಂದು ಹುಳಿ ಹಾಕಬಹುದು ಎಂದು ಒಬ್ಬ ಕೊಡವರ ಎದುರು, ಅವರದೇ ಗೋಡೌನಿನಲ್ಲಿ ನಿಂತು ಹೇಳಿದ ಮೊದಲ ಮನುಷ್ಯ ನಾನೇ ಇರಬೇಕು.

"ಹುಣಸೆಹುಳಿ ಹಾಕಿದ ಪಂದಿ ಕರಿ ನೀನು ತಿಂದಿದ್ದೀಯಾ?" ಎಂದು ಕೇಳಿದರು.

"ಇಲ್ಲ ಅಂಕಲ್."

"ಹಾಗಾದ್ರೆ ಮಾತಾಡ್ಬೇಡ."

ಇಕ್ಕ ಕೋಲು ಕೆಳಗಿಟ್ಟು, "ಸಾರಮಿಲ್ಲ, ಸಾರಮಿಲ್ಲ, ಮೊದಲಿಂದ ಹೋಗುವ" ಎಂದರು. ಪರವಾಗಿಲ್ಲ ಎಂದು ಮಲಯಾಳದಲ್ಲಿ ಸಮಾಧಾನ ಹೇಳುವುದು ಅವರ ಅಭ್ಯಾಸ. ಬೇಕರಿಯಲ್ಲಿ ಬನ್ನು ಸೀದರೂ ಹಾಗೆಯೇ ಹೇಳುತ್ತಾರೆ. ಮೊದಲಿಂದ ಹೋದೆವು. ಮತ್ತೆ ಅದೇ ಐದನೆಯ ಬಾರಿನಲ್ಲಿ ಅಂಕಲ್ ಹಿಂದೆ ಉಳಿದರು.

ಇದು ಒಂದು ಭಾನುವಾರದ ಕತೆಯಾಗಿ ಮುಗಿಯಲಿಲ್ಲ. ಪ್ರತಿ ವಾರವೂ ಅವರು ಎಲ್ಲೋ ಒಂದು ಕಡೆ ದಾರಿ ತಪ್ಪುತ್ತಿದ್ದರು. ನಾನು ಅವರಿಗೆ ವಯಸ್ಸಾಯಿತು ಎಂದುಕೊಂಡೆ. ಹಳೆಯ ಮೂರು ಕಾರ್ಡಿಗೆ ಒಗ್ಗಿದ ಕಿವಿ ಹೊಸದನ್ನು ಒಪ್ಪುತ್ತಿಲ್ಲ, ಸ್ವಲ್ಪ ದಿನ ಒತ್ತಾಯ ಮಾಡಿದರೆ ಒಗ್ಗುತ್ತದೆ ಎಂದುಕೊಂಡೆ. ಮನಸ್ಸಿನ ಒಂದು ಮೂಲೆಯಲ್ಲಿ, ಅಣ್ಣನ ಹಟವನ್ನು ಬೈಯುವ ಇವರೂ ಅದೇ ಮನೆಯ ಮಗನಲ್ಲವೇ ಎಂಬ ಕೊಂಕೂ ಇತ್ತು. ಅಂಕಲ್ ವಾದ ಮಾಡುವುದನ್ನು ಬಿಟ್ಟರು. ತಪ್ಪಿದಾಗ, "ನಂದೇ ತಪ್ಪು, ಮೊದಲಿಂದ ಹೊಡಿ" ಎನ್ನತೊಡಗಿದರು. ಅದು ಅವರ ಬಾಯಿಯಲ್ಲಿ ಅಪರೂಪದ ಮಾತು. ನಾನು ಅದನ್ನು ನನ್ನ ಗೆಲುವು ಎಂದು ತಿಳಿದೆ.

ಪಿಕಿಂಗ್ ಶುರುವಾಗಿ ಗೋಡೌನಿಗೆ ಕಾಫಿ ಮೂಟೆ ಬಂತು, ಪ್ರಾಕ್ಟೀಸಿನ ಜಾಗ ಬಾಗಿಲ ಪಕ್ಕದ ಮೂಲೆಗೆ ಇಳಿಯಿತು. ನನ್ನ ಪೆಟ್ಟಿಗೆ ಮಾತ್ರ ಮೂಟೆಗಳ ಮೇಲೆ, ಕಾಲಿಗೆ ಎಟುಕದಷ್ಟು ಎತ್ತರದಲ್ಲಿ, ಕ್ಷೇಮವಾಗಿತ್ತು. ಪಿಕಿಂಗ್ ಮುಗಿಯುವ ಹೊತ್ತಿಗೆ ಒಂದು ಭಾನುವಾರ ಅಂಕಲ್ ಸುತ್ತಿನ ಮಧ್ಯೆಯೇ ನಿಲ್ಲಿಸಿ, ಗಿಟಾರನ್ನು ಕುತ್ತಿಗೆಯಿಂದ ತೆಗೆದು ಕುರ್ಚಿಗೆ ಒರಗಿಸಿದರು.

"ಬಿಟ್ಟುಬಿಡುವ. ಮದುವೆಗೆ ವಾಲಗ ಇದ್ದೇ ಇದೆ. ಸಾಕು."

ಇಕ್ಕ ಸಾರಮಿಲ್ಲ ಎನ್ನಲಿಲ್ಲ. ಅಂಕಲ್ ಲೈನಿನ ಕಡೆ ಏನೋ ಕೆಲಸವಿದೆ ಎಂದು ಹೊರಗೆ ಹೋದರು. ಭಾನುವಾರ ಮಧ್ಯಾಹ್ನ ಕೂಲಿಯವರ ಲೈನಿನಲ್ಲಿ ಅವರಿಗೆ ಯಾವ ಕೆಲಸವೂ ಇರುವುದಿಲ್ಲ. ಅವರು ಬಾರಿಸುವುದಿಲ್ಲ ಎಂದರೆ ನನ್ನ ನೈಂತ್, ನನ್ನ ಡಿಮಿನಿಶ್ಡ್ ಯಾವ ಕೆಲಸಕ್ಕೂ ಬರುವುದಿಲ್ಲ ಎಂಬುದು ಆಗ ಹೊಳೆಯಿತು. ಹೊಳೆಯಲು ಇಷ್ಟು ತಿಂಗಳು ಬೇಕಾಗಿತ್ತು.

ಇಕ್ಕ ಬೇಕರಿಗೆ ಹೊರಟರು. ನಾನು ವೈರು ಸುತ್ತುತ್ತಿದ್ದಾಗ ಆಂಟಿ, ಅಂದರೆ ಅಂಕಲ್ ಅವರ ಹೆಂಡತಿ, ಕಾಫಿ ಹಿಡಿದು ಬಂದರು. ಮೂರು ಲೋಟ ತಂದಿದ್ದರು. ಒಂದನ್ನು ನನಗೆ ಕೊಟ್ಟು, ಉಳಿದದ್ದನ್ನು ಮೂಟೆಯ ಮೇಲಿಟ್ಟು, ನನ್ನ ಪೆಟ್ಟಿಗೆಯ ಕಡೆ ನೋಡಿದರು.

"ಅದನ್ನ ಯಾಕೆ ಅಷ್ಟು ಮೇಲೆ ಹತ್ತಿಸಿದ್ದೀ?"

ವೈರಿನ ಕತೆ ಹೇಳಲು ಬಾಯಿ ಬರಲಿಲ್ಲ. ಆಯುಧಪೂಜೆ, ಕುಂಕುಮ, ಬೂಟು ಎಲ್ಲವನ್ನೂ ಹೇಳಿದೆ. ಆಂಟಿ ಸಿಟ್ಟಾಗಲಿಲ್ಲ.

"ಅವ್ರಿಗೆ ಎಡಗಿವಿ ಕೇಳಿಸೋದಿಲ್ಲ. ಬಲಗಿವೀಲಿ ಸ್ವಲ್ಪ ಇದೆ, ಅದಕ್ಕೆ ಡ್ರಮ್ ಸಾಕಾಗ್ತದೆ" ಎಂದರು. "ಚಿಕ್ಕಂದಿನಿಂದ ಕೋವಿ. ಕೈಲ್‌ಪೊಳ್ದ್ ಹಬ್ಬಕ್ಕೆ ಮರದ ಮೇಲಿನ ತೆಂಗಿನಕಾಯಿಗೆ ಗುಂಡು ಹೊಡೆಯೋದು ಇದ್ಯಲ್ಲ, ಪ್ರತಿ ವರ್ಷ ಇವರದ್ದೇ ಕಪ್. ಕಪ್ ಎಲ್ಲ ಶೋಕೇಸಲ್ಲಿ ಇದೆ. ಕಿವಿ ಹೋಯ್ತು."

ನಾನು ಲೋಟವನ್ನು ಮೂಟೆಯ ಮೇಲಿಟ್ಟೆ.

"ನಿನ್ನ ಗಿಟಾರ್ ಅವ್ರಿಗೆ ಕಿವೀಲಿ ಕೇಳೋದಲ್ಲ. ಕಾಲಲ್ಲಿ. ದಪ್ಪ ತಂತಿ ಹೊಡೆದ್ರೆ ಪೆಟ್ಟಿಗೆ ನಡುಗ್ತದಲ್ಲ, ಅದರಲ್ಲೇ ಎಲ್ಲಿದ್ದೀ ಅಂತ ಗೊತ್ತಾಗೋದು. ಮನೇಲಿ ಟಿವಿ ಸ್ಪೀಕರ್ ಮೇಲೂ ಹಾಗೇ ಕಾಲು. ಮೊದಲು ನಾನೂ ಬೈತಿದ್ದೆ."

"ನಂಗೆ ಹೇಳ್ಬೋದಿತ್ತಲ್ಲ ಆಂಟಿ."

"ಯಾರಿಗೂ ಹೇಳೋದಿಲ್ಲ. ಅವರ ಅಣ್ಣನಿಗೆ ಗೊತ್ತಾದ್ರೆ? ಗಿಟಾರ್ ಬಾರಿಸ್ತಾನೆ ಅಂತ ಒಂದು, ಕಿವುಡ ಬಾರಿಸ್ತಾನೆ ಅಂತ ಇನ್ನೊಂದು. ನಾನು ಹೇಳಿಲ್ಲ, ನೀನು ಕೇಳಿಲ್ಲ. ಕಾಫಿ ಕುಡಿ."

ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ಇಷ್ಟು ವರ್ಷ ಪಕ್ಕದಲ್ಲಿ ನಿಂತವನಿಗೆ ಒಂದು ಮಾತು ಹೇಳಬಾರದೇ ಎಂದು ಕುಶಾಲನಗರದವರೆಗೂ ಬೈಕಿನ ಮೇಲೆ ಬೈದುಕೊಂಡೇ ಬಂದೆ. ಅಂಗಡಿಯ ಹತ್ತಿರ ಬರುವಾಗ ಸಿಟ್ಟು ಸಾಕಾಗಿ, ಒಂದೊಂದೇ ನೆನಪಾಗತೊಡಗಿತು. ತಳದ ಸ್ವರ ಬಿಟ್ಟು ಸಣ್ಣ ತಂತಿಯಲ್ಲಿ ಮಾತ್ರ ಹಿಡಿಯುವ ನನ್ನ ನೈಂತ್ ಕಾರ್ಡಿಗೆ ಪೆಟ್ಟಿಗೆ ನಡುಗುವುದಿಲ್ಲ. ನಡುಗಿದರೂ ಅದು ಮೂಟೆಗಳ ಮೇಲಿತ್ತು. ಅವರು ನನ್ನ ಹೊಸ ಕಾರ್ಡುಗಳನ್ನು ತಿರಸ್ಕರಿಸಿರಲೇ ಇಲ್ಲ. ಅವು ಅವರನ್ನು ತಲುಪಿಯೇ ಇರಲಿಲ್ಲ. ಎಲ್ಲಿದ್ದೀ ನೀನು ಎಂದು ಅವರು ಮೊದಲ ದಿನವೇ ಕೇಳಿದ್ದರು. ನಾನು ಅದಕ್ಕೆ ಹುಣಸೆಹುಳಿಯ ಉಪನ್ಯಾಸ ಕೊಟ್ಟಿದ್ದೆ.

ಬುಧವಾರ ಫೋನ್ ಮಾಡಿದೆ. ಒಂದು ಭಾನುವಾರ ಮಾತ್ರ ನೋಡೋಣ, ಇಕ್ಕನಿಗೂ ಬೇಜಾರಾಗಿದೆ ಎಂದೆ. ಅವರು ಹೂಂ ಎಂದರು. ಫೋನನ್ನು ಯಾವ ಕಿವಿಗೆ ಹಿಡಿದಿದ್ದಾರೆ ಎಂದು ನಾನು ಮೊದಲ ಸಲ ಯೋಚಿಸಿದೆ.

ಪೆಟ್ಟಿಗೆಯ ಮೇಲಿನ ಕುಂಕುಮ ಅಷ್ಟರಲ್ಲಿ ಮಾಸಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ದೇವರ ಹತ್ತಿರ ಒಂದೆರಡು ಮಾತಾಡಿಕೊಂಡೆ. ಅಡ್ಡಬಿದ್ದವನು ನಾನು, ಒಪ್ಪಂದ ಬದಲಿಸುವ ಅಧಿಕಾರವೂ ನನಗೇ ಇದೆ ಎಂದು ತೀರ್ಮಾನವಾಯಿತು. ಭಾನುವಾರ ಮೂಟೆಗಳ ಮೇಲಿದ್ದ ಜಾಗ ಬಿಟ್ಟು, ಪೆಟ್ಟಿಗೆಯನ್ನು ಅವರ ಎಡಗಾಲಿನ ನೇರಕ್ಕೆ ತಂದಿಟ್ಟೆ. "ಉದ್ದದ ವೈರ್ ತಂದೆ ಅಂಕಲ್" ಎಂದೆ. ಹಳೆಯ ವೈರೇ ಅದು.

ಅವರು ಪೆಟ್ಟಿಗೆ ನೋಡಿದರು, ನನ್ನನ್ನು ನೋಡಿದರು. ಕಾಲೆತ್ತಿ ಇಡಲು ಸ್ವಲ್ಪ ಹಿಂಜರಿದರು. ಆ ಹಿಂಜರಿಕೆ ನೋಡಿ, ನನ್ನ ಮುಖದಲ್ಲಿ ಈ ಮೊದಲು ಏನೇನು ಕಂಡಿರಬಹುದು ಎಂದು ನನಗೆ ಸಂಕಟವಾಯಿತು. ನಾನು ತಲೆ ತಗ್ಗಿಸಿ ತಂತಿ ಶ್ರುತಿ ಮಾಡುವ ನಾಟಕ ಆಡಿದೆ. ತಲೆಯೆತ್ತಿದಾಗ ಬೂಟು ಅದರ ಜಾಗದಲ್ಲಿತ್ತು.

ದಪ್ಪ ತಂತಿಯಲ್ಲಿ ಹಳೆಯ ಝಕ್ಕು ಝಕ್ಕು ಶುರು ಮಾಡಿದೆ. ಐದನೆಯ ಬಾರಿನಲ್ಲಿ ಅವರು ನಮಗಿಂತ ಒಂದು ಕೂದಲೆಳೆ ಮೊದಲೇ ಹೋಗಿ ಪಕ್ಕದ ಕಾರ್ಡಿನಲ್ಲಿ ನಿಂತಿದ್ದರು. ಇಕ್ಕ ನಗುತ್ತಾ ಕೋಲು ಬೀಸಿದರು. ವಿದ್ಯೆ ಕಲಿತವನ ಚಪಲ ನನಗೆ ಪೂರ್ತಿ ಹೋಗಿರಲಿಲ್ಲ. ನಡುವೆ ಒಂದು ಕಡೆ ಡಿಮಿನಿಶ್ಡ್ ತುರುಕಿ ನೋಡಿದೆ. ಬೂಟಿನ ತುದಿ ಪೆಟ್ಟಿಗೆಯ ಮೇಲೆ ಅತ್ತಿತ್ತ ಹುಡುಕಿತು. ಆಮೇಲೆ ತುರುಕಲಿಲ್ಲ.

ಮದುವೆ ಕೊಡವ ಸಮಾಜದ ಹಾಲಿನಲ್ಲಿ ನಡೆಯಿತು. ನಮ್ಮ ಪಾಲಿಗೆ ಸಿಕ್ಕಿದ ಹೊತ್ತು ಮುಹೂರ್ತ ಮುಗಿದು, ವಾಲಗದವರು ಊಟಕ್ಕೆ ಕೂತ ಅಷ್ಟು ಸಮಯ. ಅವರು ಎದ್ದ ಕೂಡಲೇ ನಾವು ಇಳಿಯಬೇಕು. ಅಂಕಲ್ ವೇದಿಕೆ ಹತ್ತಿದ್ದು ಕುಪ್ಯ ಎಂಬ ಕಪ್ಪು ನಿಲುವಂಗಿ, ಚೇಲೆ ಎಂಬ ಕೆಂಪು ನಡುಪಟ್ಟಿಯಲ್ಲಿ. ಸೊಂಟದ ಪೀಚೆಕತ್ತಿ ಗಿಟಾರಿನ ಬೆನ್ನಿಗೆ ತಾಗಿ ಟಕ್ ಟಕ್ ಎನ್ನುತ್ತಿತ್ತು. ಕೆಳಗೆ ಮಾತು ನಿಂತಿತು. ಮೊದಲ ಸಾಲಿನ ಮಧ್ಯದ ಕುರ್ಚಿಯಲ್ಲಿ ಅವರ ಅಣ್ಣ ಊರುಗೋಲಿನ ಮೇಲೆ ಎರಡೂ ಕೈ ಇಟ್ಟು ಕೂತಿದ್ದರು. ಮದುಮಗಳು ಗಂಡನ ತೋಳು ಹಿಡಿದುಕೊಂಡು ಅಪ್ಪನನ್ನೇ ನೋಡುತ್ತಿದ್ದಳು. ಅಂಕಲ್ ಮೀಟುಗಡ್ಡಿಯನ್ನು ಬೆರಳಲ್ಲಿ ಎರಡು ಸಲ ತಿರುಗಿಸಿದರು. ಅವರು ಎಡಗಾಲು ಎತ್ತಿ ಪೆಟ್ಟಿಗೆಯ ಮೇಲಿಟ್ಟರು.

ಮೊದಲ ಸುತ್ತಿನಲ್ಲಿ ಯಾರೂ ಅಲುಗಲಿಲ್ಲ. ಎರಡನೆಯ ಸುತ್ತಿಗೆ ಹಿಂದಿನ ಸಾಲಿನ ನಾಲ್ಕೈದು ಜನ, ಊಟಕ್ಕೆ ಮೊದಲೇ ಗ್ಲಾಸಿನ ಕಡೆ ಹೋಗಿ ಬಂದವರು, ಕೈಯೆತ್ತಿ ಎದ್ದರು. ಅವರಿಗೆ ಬ್ಲೂಸೂ ಗೊತ್ತಿಲ್ಲ, ಹನ್ನೆರಡು ಬಾರೂ ಗೊತ್ತಿಲ್ಲ. ನಮ್ಮ ತೂಗುವ ಲಯ ಕಾಲಿಗೆ ಸಿಕ್ಕಿತು, ವಾಲಗದ ಹೆಜ್ಜೆಯನ್ನೇ ಹಾಕಿದರು. ಸರಿಯಾಗಿಯೇ ಕೂತಿತು. ಹೆಂಗಸರು ಸೇರಿಕೊಂಡರು. ಅಂಕಲ್ ಕಣ್ಣು ಮುಚ್ಚಿದರು. ನಾಲ್ಕನೆಯ ಸುತ್ತಿನಲ್ಲಿ ಅವರ ಅಣ್ಣ ಊರುಗೋಲನ್ನು ಪಕ್ಕದವರ ಕೈಗೆ ಕೊಟ್ಟು ಎದ್ದು, ವೇದಿಕೆಗೆ ಬೆನ್ನು ಮಾಡಿಕೊಂಡು, ಎರಡೂ ಕೈ ಎತ್ತಿದರು. ಇಡೀ ಹೊತ್ತು ಒಮ್ಮೆಯೂ ತಿರುಗಿ ನೋಡಲಿಲ್ಲ. ಕುಣಿದರು.

ಕೊನೆಯ ಸುತ್ತು ಮುಗಿಯುತ್ತಾ ಬಂದಾಗ ನನ್ನ ಎಡಗೈ ತಾನಾಗಿಯೇ ಮೇಲಕ್ಕೆ ಸರಿಯಿತು. ಆ ಅರ್ಧ ಹೆಜ್ಜೆ ಮೇಲಿನ ಕಾರ್ಡು, ಜಾರಿಕೊಂಡು ಮನೆಗೆ ಇಳಿಯುವುದು. ಅದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನ್ನ ಜೀವನದಲ್ಲಿ ಇನ್ನೊಮ್ಮೆ ಸಿಗುವುದಿಲ್ಲ ಎಂದು ಗೊತ್ತಿತ್ತು. ಬೆರಳು ತಂತಿಯ ಮೇಲೆ ಕೂತೂ ಆಗಿತ್ತು. ಪೆಟ್ಟಿಗೆಯ ಮೇಲಿನ ಪಾದವನ್ನು ನೋಡಿದೆ. ಅದು ನನ್ನ ಮುಂದಿನ ಹೊಡೆತಕ್ಕಾಗಿ ಒತ್ತಿಕೊಂಡು ಕಾಯುತ್ತಿತ್ತು. ಕೈಯನ್ನು ಕೆಳಗಿಳಿಸಿ ದಪ್ಪ ತಂತಿಗೆ, ಇದ್ದ ಮನೆಯ ಕಾರ್ಡಿಗೆ, ಜೋರಾಗಿ ಹೊಡೆದೆ. ಅವರೂ ಅದೇ ಕ್ಷಣಕ್ಕೆ ಬಂದು ನಿಂತರು.

ಚಪ್ಪಾಳೆ, ಶಿಳ್ಳೆ. ಮದುಮಗಳು ಅಳುತ್ತಿದ್ದಳು. ಊಟದ ಹಾಲಿನ ಬಾಗಿಲಲ್ಲಿ ವಾಲಗದವರು ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. ನಾನು ವೈರು ಕಳಚಲು ಬಗ್ಗಿದಾಗ ಅಂಕಲ್ ಪೆಟ್ಟಿಗೆಯನ್ನು ಸುತ್ತಿಕೊಂಡು, ಬಲಗಿವಿ ನನ್ನ ಕಡೆಗೆ ಬರುವ ಹಾಗೆ, ಈಚೆ ಪಕ್ಕಕ್ಕೆ ಬಂದು ನಿಂತರು. ಬೆವರಿದ ಮುಖ. ಇಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನ ಮುಖವನ್ನು ನೆಟ್ಟಗೆ ನೋಡಿದರು.

"ನಿನ್ನ ಹೊಸ ಕಾರ್ಡೆಲ್ಲ ಇವತ್ತು ಕೇಳಿಸ್ತು ಮಾರಾಯ. ಒಂದೊಂದೂ ಕೇಳಿಸ್ತು" ಎಂದರು.

ನಾನು ಆ ದಿನ ಬಾರಿಸಿದ್ದು ಹಳೆಯ ಮೂರೇ ಕಾರ್ಡು. "ಚೆನ್ನಾಗಿತ್ತಾ ಅಂಕಲ್?" ಎಂದೆ.

"ಭಾರೀ ಲಾಯ್ಕಿತ್ತು. ಮೊದಲಿಂದ ಹೀಗೇ ಬಾರಿಸಿದ್ರೆ ನಿಂಗೆ ಎಂಥ ಹೋಗ್ತಿತ್ತು?"